ಗಾಳಿಗೆ ಒಲೆ

ನಾನು ಗಣಿಗೆ ಇಳಿದವಳಲ್ಲ.
ಎರಡು ಚಳಿಗಾಲ ಅದರ ಬಾಯ ಬಳಿ ನಿಂತು
ತಗಡಿಗೆ ತಗಡು ಬೆಸೆದವಳು, ಅಷ್ಟೆ.
ಗೋಬಿಯ ಈ ಬಯಲಲ್ಲಿ ಜನವರಿಗೆ
ಮೈನಸ್ ಮೂವತ್ತೆರಡು.
ಬರಿಗೈಲಿ ಸುತ್ತಿಗೆ ಹಿಡಿದರೆ
ಅಂಗೈ ತೊಗಲು ಅದಕ್ಕೇ ಉಳಿಯುತ್ತದೆ.

ಮೊದಲ ದಿನ ಮೇಸ್ತ್ರಿ ದಾಶ್‌ಜೆವೆಗ್
ಟ್ರಕ್ಕಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿ
ಮೂಲೆಗೊಂದು ಬೋಲ್ಟು ಹೇರಿ ಹೇಳಿದ:
ಇದು ಕಂಪ್ರೆಸರ್ ಮನೆ, ಇದು ನೀರಿನ ಟ್ಯಾಂಕು,
ಇಲ್ಲಿ ಡೀಸೆಲ್ಲು, ಅಲ್ಲಿ ಟ್ರಾನ್ಸ್‌ಫಾರ್ಮರು,
ಇದು ಬಟ್ಟೆ ಬದಲಿಸುವ ಕೋಣೆ.
ಇದು, ಬೆರಳು ತುಸು ತಡೆಯಿತು,
ಗಾಳಿ ಕಾಯಿಸುವ ಮನೆ.

ನಕ್ಕುಬಿಟ್ಟೆ. ಕಾಯಿಸಲು ಗಾಳಿಯೇನು ಹಾಲೆ?
ಹಾಲೇ ಅಂತ ತಿಳಿ, ಎಂದ.
ಹಸಿಗಾಳಿ ಹಾಗೇ ಒಳಗಿಳಿದರೆ
ಬಾವಿಗೋಡೆಯ ತೇವಕ್ಕೆ ಹಲ್ಲು ಮೂಡುತ್ತವೆ,
ಆಳುದ್ದದ ಹಿಮದ ಹಲ್ಲು.
ಒಂದು ಕಳಚಿ ಬಿದ್ದರೂ ಸಾಕು.
ಯಾರ ಮೇಲೆ ಎಂದು ನಾನು ಕೇಳಲಿಲ್ಲ.

ಉಣ್ಣೆಯ ಗುಂಡುಮನೆ ಕಟ್ಟುವಾಗ ಅಮ್ಮ
ಬಯಲ ನಡುವೆ ಮೊದಲು ಒಲೆ ಇಡುತ್ತಿದ್ದಳು.
ಇನ್ನೂ ಗೋಡೆಯಿಲ್ಲ, ಸೂರಿಲ್ಲ,
ಒಲೆಯೊಂದು ಒಂಟಿಯಾಗಿ ಗಾಳಿಗೆ ನಿಂತಿರುತ್ತಿತ್ತು
ಯಾರೋ ಮರೆತು ಹೋದ ಹಾಗೆ.
ಆಮೇಲೆ ಅದರ ಸುತ್ತ ಮನೆ ಬರುತ್ತಿತ್ತು.
ಇಲ್ಲಿ ಮನೆ ತಲೆಕೆಳಗು.
ನೆತ್ತಿಯ ಕಿಂಡಿ ನೆಲದ ಮಟ್ಟಕ್ಕೆ,
ಮಿಕ್ಕಿದ್ದೆಲ್ಲ ಸಾವಿರದ ಇನ್ನೂರು ಮೀಟರು ಕೆಳಗೆ.
ಕಿಂಡಿಯ ಬಾಯಿಗೆ ನಾವು ಒಲೆ ಹೂಡುತ್ತಿದ್ದೆವು.

ಒಂಟೆ ಕಾಯುವ ತ್ಸೆರೆನ್‌ಖಂದ್ ಅಜ್ಜಿ
ಬೇಲಿಯ ಆಚೆಯಿಂದಲೇ ಕೇಳಿದಳು:
ನೀರಿಲ್ಲದ ಬಾವಿ ತೋಡುತ್ತೀರಲ್ಲ,
ಅದಕ್ಕೆ ಇಷ್ಟು ನೀರು ಎಲ್ಲಿಂದ?
ಕೊಳವೆ ತೋರಿಸಿದೆ. ಎಪ್ಪತ್ತು ಕಿಲೋಮೀಟರು.
ಭೂಮಿಯೊಳಗಿಂದ, ಎಂದೆ.
ನನ್ನ ಬಾವಿಯದೂ ಅಲ್ಲಿಂದಲೇ, ಎಂದಳು.
ಫ್ಲಾಸ್ಕಿನ ಉಪ್ಪುಚಹಾ ಕೊಟ್ಟೆ, ಕುಡಿದಳು.
ಉತ್ತರ ಕೊಟ್ಟಿರಲಿಲ್ಲ ನಾನು.
ಈಗಲೂ ಇಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ
ಬಡಗಿ ಲ್ಹಾಮ್‌ಜಾವ್ ಬಿಲ್ಲೆಹಲಗೆ ಮಾಡುತ್ತಿದ್ದ.
ನಾನೂರ ಅರವತ್ತು ಮೊಳೆ.
ಇಳಿಯುವಾಗ ಬಿಲ್ಲೆ ಒಯ್ದವನು
ಹತ್ತಿ ಬಂದ ಮೇಲೆ ತನ್ನ ಮೊಳೆಗೇ ತಗುಲಿಸಬೇಕು.
ಪಾಳಿ ಮುಗಿದಾಗ ಬೋಳುಮೊಳೆ ಇರಕೂಡದು.
ಎರಡೆರಡು ಸಲ ಉಜ್ಜುತ್ತೀಯಲ್ಲ, ಯಾಕೆ ಎಂದರೆ
ಸಿಬಿರು ಚುಚ್ಚಬಾರದು ಕಣಕ್ಕ, ಅವಸರದಲ್ಲಿರುತ್ತಾರೆ.
ಇನ್ನೂರ ಹದಿನೇಳನೆಯದು ನನ್ನ ತಮ್ಮನದು.

ತಮ್ಮನ ಹೆಸರು ಎನೆಬಿಶ್. ಅಂದರೆ, ಇವನಲ್ಲ.
ಅವನಿಗಿಂತ ಮೊದಲು ಎರಡು ತೊಟ್ಟಿಲು ಬರಿದಾಗಿದ್ದವು.
ಮೂರನೆಯದನ್ನು ಹುಡುಕಿಕೊಂಡು ಬರುವುದು
ಹೆಸರು ಕೇಳಿ ದಾರಿ ತಪ್ಪಲಿ ಎಂದು
ಅಜ್ಜ ಕಿವಿಯಲ್ಲಿ ಮೂರು ಸಲ ಕರೆದಿದ್ದ:
ಇವನಲ್ಲ, ಇವನಲ್ಲ, ಇವನಲ್ಲ.

ಕೊನೆಯ ತಗಡು ಮುಚ್ಚುವ ಮುನ್ನ
ಇನ್‌ಸ್ಪೆಕ್ಟರನ ಟಾರ್ಚು ತಲುಪದ ಮೂಲೆಯಲ್ಲಿ
ಬೆಸುಗೆಯ ಕಡ್ಡಿಯಿಂದ ಅದನ್ನೇ ಬರೆದೆ.
ಒಳಹೋಗುವ ಗಾಳಿ ಓದಿಕೊಂಡು ಹೋಗಲಿ.
ಬರೆದು ಮುಖವಾಡ ಸರಿಸಿದೆ, ನಾಚಿಕೆಯಾಯಿತು.
ಇವನಲ್ಲದಿದ್ದರೆ ಮತ್ತೆ ಯಾರು?
ಇನ್ನೊಂದು ಕಡ್ಡಿ ಹಚ್ಚಿ, ಪಕ್ಕದಲ್ಲಿ
ನಮ್ಮ ನೆರೆಮನೆಯ ಮುದುಕನ ಹೆಸರು ಬರೆದೆ:
ಹೆನ್‌ಬಿಶ್. ಅಂದರೆ, ಯಾರೂ ಅಲ್ಲ.
ಅಕ್ಷರ ಸೊಟ್ಟಗಿದ್ದವು. ಕೈ ಮರಗಟ್ಟಿತ್ತು.

ಫ್ಯಾನು ತಿರುಗಿದ ದಿನ ಭಾಷಣವಿತ್ತು, ನನಗೆ ಕೇಳಿಸಲಿಲ್ಲ.
ನೀಲಿ ರೇಷ್ಮೆಯ ಖದಗ್ ಬಾಗಿಲ ಸರಳಿಗೆ ಕಟ್ಟಿದ್ದರು,
ಅದು ಒಮ್ಮೆಲೇ ಒಳಮುಖವಾಗಿ ಸೆಟೆಯಿತು.
ಬಾಯ್ಲರಿನ ನೀರು ಸುರುಳಿಗಳಲ್ಲಿ ಹರಿಯಿತು,
ಮುಳ್ಳು ಸೊನ್ನೆ ದಾಟಿ ಐದಕ್ಕೆ ಬಂದು ನಿಂತಿತು.
ಸಂಜೆ ಎನೆಬಿಶ್ ಹತ್ತಿ ಬಂದು
ಕೆಳಗೆ ಅಂಗಿ ಸಾಕು ಕಣೇ, ಎಂದ,
ರೆಪ್ಪೆಯ ಹಿಮ ಕೆರೆಯುತ್ತಿದ್ದ ನನ್ನನ್ನು ನೋಡಿ.

ಮರುದಿನ ಬೆಳಿಗ್ಗೆ ಗಂಟು ಕಟ್ಟಿ ಹೊರಟಾಗ
ಬಿಸಿಗಾಳಿ ಮನೆಯ ಹೊರಗೋಡೆಗೆ ಒತ್ತಿಕೊಂಡು
ಅಜ್ಜಿಯ ಏಳು ಒಂಟೆ ಮಲಗಿದ್ದವು.
ಬೇಲಿ ತೆಗೆದವರು ಯಾರೆಂದು
ದಾಶ್‌ಜೆವೆಗ್ ಯಾರನ್ನೂ ಕೇಳಲಿಲ್ಲ,
ಅವುಗಳನ್ನು ಸುತ್ತಿ ನಡೆದುಹೋದ.